ಅವನ ಪರದೆಯ ಮೇಲಿನ ಶ್ಪೇಲಾ

"ನಿಮ್ಮ ಈ ಸಿಸ್ಟಮ್ ನನಗೆ ಸುಳ್ಳು ಹೇಳ್ತಿದೆ!"

ಬಿಲ್ಯಾನಾ ಕಾಗದದ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದಳು. ಕಾಫಿ ಲೋಟಗಳು ಅದುರಿದವು. ಕಪಾನಾ ಕೇರಿಯ ಆ ಕೆಫೆಯ ಹಿಂದಿನ ಕೋಣೆಯಲ್ಲಿ ಸೇರಿದ್ದ ಲಿನಕ್ಸ್ ಸ್ವಯಂಸೇವಕರೆಲ್ಲ ತಮ್ಮ ಲ್ಯಾಪ್‌ಟಾಪ್‌ಗಳಿಂದ ತಲೆಯೆತ್ತಿದರು.

"ಪರದೆ ಮೇಲೆ ಅಕ್ಷರ ಚೆನ್ನಾಗೇ ಕಾಣುತ್ತೆ. ಪ್ರಿಂಟ್ ಕೊಟ್ರೆ ಬರೀ ಖಾಲಿ ಡಬ್ಬಿಗಳು! ನೋಡಿ! ನಮ್ಮ ನಾಟಕದ ನರಿ ಡಬ್ಬಿ ಭಾಷೆಯಲ್ಲಿ ಮಾತಾಡಬೇಕಾ?"

ಮೇಜಿನಾಚೆ ಕುಳಿತಿದ್ದ ಯುವಕ ಒಂದು ಹಾಳೆ ಎತ್ತಿಕೊಂಡ. ಸಾಲು ಸಾಲಾಗಿ ಖಾಲಿ ಚೌಕಗಳು. ಅವನು ನಗಲಿಲ್ಲ.

"ಈ ಸಾಲಲ್ಲಿ ನರಿ ಏನು ಹೇಳ್ಬೇಕಿತ್ತು?"

"ಅದ್ಯಾಕೆ ನಿಮಗೆ?"

"ಸುಮ್ನೆ ಕೇಳಿದೆ."

ಬಿಲ್ಯಾನಾ ಆ ಸಾಲಿನ ಮೇಲೆ ಬೆರಳಿಟ್ಟಳು. "...'ನನಗೆ ಹಸಿವಿಲ್ಲ, ಒಬ್ಬನೇ ಇದ್ದೀನಿ, ಅಷ್ಟೇ.'"

ಅವನು ಹಾಳೆಯಿಂದ ಕಣ್ಣೆತ್ತಿ ಅವಳನ್ನೇ ನೋಡಿದ. ಬೂದು ಕಣ್ಣುಗಳು, ಬಾಚಣಿಗೆ ಕಾಣದ ಕೂದಲು, ಕೈಬೆರಳಿನಲ್ಲಿ ಸೀಮೆಸುಣ್ಣದ ಪುಡಿ. ಅವಳ ಸಿಟ್ಟು ಎಲ್ಲೋ ಜಾರಿಹೋಯಿತು. 'ಇವನ್ಯಾಕೆ ಹೀಗೆ ನೋಡ್ತಾನೆ...?'

"ಅಕ್ಷರದ ಅಚ್ಚು, ಅಂದ್ರೆ ಫಾಂಟ್, ನಿಮ್ಮ ಕಂಪ್ಯೂಟರ್‌ನಲ್ಲಿದೆ, ಪ್ರಿಂಟರ್‌ಗೆ ಸಿಕ್ಕಿಲ್ಲ," ಎಂದ ಅವನು ಮೆತ್ತಗೆ. "ಅಚ್ಚನ್ನೂ ಕಡತದ ಜೊತೆಗೇ ಕಟ್ಟಿ ಕಳಿಸೋಣ. ನರಿ ಮಾತಾಡುತ್ತೆ. ನನ್ನ ಹೆಸರು ಕಮೆನ್."

ಬಿಲ್ಯಾನಾ ಪ್ಲೋವ್ದಿವ್ ನಗರದ ಒಂದು ಪುಟ್ಟ ಬೊಂಬೆ ರಂಗಮಂದಿರದಲ್ಲಿ ಬೊಂಬೆಗಳಿಗೆ ಬಟ್ಟೆ ಹೊಲಿಯುತ್ತಿದ್ದಳು, ಬಣ್ಣ ಬಳಿಯುತ್ತಿದ್ದಳು. ಜೊತೆಗೆ ಇನ್ನೊಂದು ಕೆಲಸವಿತ್ತು. ಕಿವಿ ಕೇಳದ ಮಕ್ಕಳ ಶಾಲೆಯಿಂದ ಮಕ್ಕಳು ನಾಟಕಕ್ಕೆ ಬರುತ್ತಿದ್ದರು. ಬೊಂಬೆಗಳ ಮಾತನ್ನೆಲ್ಲ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಅವರ ಕೈಗೆ ಕೊಡಬೇಕು. ಹಾಳೆ ಇಲ್ಲದಿದ್ದರೆ ಆ ಮಕ್ಕಳಿಗೆ ಬೊಂಬೆಗಳು ಸುಮ್ಮನೆ ಕುಣಿಯುವ ಬಟ್ಟೆಯ ತುಂಡುಗಳು ಮಾತ್ರ.

ರಂಗಮಂದಿರದ ಹಳೆಯ ಕಂಪ್ಯೂಟರ್‌ಗೆ ನಿರ್ದೇಶಕಿ ಪೆನ್ಕಾ ಲಿನಕ್ಸ್ ಹಾಕಿಸಿದ್ದಳು. ಊರೂರಿನ ಜನ ಸೇರಿ ಕಟ್ಟಿ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ ವ್ಯವಸ್ಥೆ ಅದು. ಶಾಲೆಯಲ್ಲಿ ಗಣಿತ ಹೇಳಿಕೊಡುವ ಕಮೆನ್, ಬಿಡುವಿನ ವೇಳೆಯಲ್ಲಿ ಅದರ ಪ್ರಿಂಟಿಂಗ್ ಭಾಗವನ್ನು ನೋಡಿಕೊಳ್ಳುತ್ತಿದ್ದ. ಸಂಬಳವಿಲ್ಲದ ಕೆಲಸ. ಆದರೂ ಅದಕ್ಕೆ ಜೀವ ಬಿಡುತ್ತಿದ್ದ!

ಚಳಿಗಾಲವಿಡೀ ಅವನು ರಂಗಮಂದಿರಕ್ಕೆ ಬಂದ. ಒಮ್ಮೆ ಹಾಳೆಯ ಕೆಳಗಿನ ಸಾಲು ಕತ್ತರಿಸಿಹೋಗುತ್ತಿತ್ತು. ವ್ಯವಸ್ಥೆ ಅಮೆರಿಕದ ಅಳತೆಯ ಕಾಗದ ಎಂದುಕೊಂಡಿತ್ತು. ಅವನು ಅಳತೆ ಬದಲಿಸಿದ. ಇನ್ನೊಮ್ಮೆ ಪ್ರಿಂಟರ್ ಚೆನ್ನಾಗೇ ಇತ್ತು... ಆದರೂ ಬಂದ!

"ಇವತ್ತು ಏನೂ ಕೆಟ್ಟಿಲ್ವಲ್ಲ?" ಎಂದಳು ಅವಳು.

"ಹೌದಾ? ಹಾಗಾದ್ರೆ ಬನಿತ್ಸಾ ತಿನ್ನೋಣ. ಬಿಸಿ ಇದೆ." ಕೋಟಿನೊಳಗಿಂದ, ಚೀಸ್ ತುಂಬಿದ ಪದರು ತಿಂಡಿಯ, ಎಣ್ಣೆಯ ಕಲೆಯ ಪೊಟ್ಟಣ ಹೊರಬಂತು.

ಪೆನ್ಕಾ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸಿದಳು. "ಹುಡುಗಿ, ಆ ಪ್ರಿಂಟರ್ ಪೂರ್ತಿ ರಿಪೇರಿ ಆಗದ ಹಾಗೆ ನೋಡ್ಕೋ!"

ಬೊಂಬೆಗಳಿಗೆ ತಂದು ಉಳಿದ ಹಸಿರು ಉಣ್ಣೆಯಲ್ಲಿ ಬಿಲ್ಯಾನಾ ಅವನಿಗೊಂದು ಮಫ್ಲರ್ ಹೆಣೆದಳು. ಅವನು ಅದನ್ನು ಸುತ್ತಿಕೊಂಡು ಕನ್ನಡಿಯ ಮುಂದೆ ಮಗುವಿನಂತೆ ತಿರುಗಿದ. ಆದರೆ ಇಬ್ಬರ ಬಾಯಿಂದಲೂ ಆ ಒಂದು ಮಾತು ಹೊರಬೀಳಲಿಲ್ಲ.

ಅಷ್ಟರಲ್ಲಿ ಶ್ಪೇಲಾ ಬಂದಳು!

ಬಂದದ್ದು ಪರದೆಯ ಮೇಲೆ. ಕಮೆನ್ ಲ್ಯಾಪ್‌ಟಾಪ್ ನೋಡುತ್ತ ಇದ್ದಕ್ಕಿದ್ದಂತೆ ನಕ್ಕ. ಹೊಟ್ಟೆಯಿಂದ ಬಂದ ನಗು. ಅಂಥ ನಗುವನ್ನು ಅವನು ತನ್ನ ಎದುರಿಗೆ ಮಾತ್ರ ನಗುತ್ತಾನೆ ಎಂದುಕೊಂಡಿದ್ದಳು ಬಿಲ್ಯಾನಾ.

"ಯಾರದು?"

"ಶ್ಪೇಲಾ. ಬೇರೆ ದೇಶದವಳು, ಊರು ಲ್ಯುಬ್ಲ್ಯಾನಾ. ಪ್ರಿಂಟಿಂಗ್ ಭಾಗ ನಾವಿಬ್ಬರೇ ನೋಡ್ಕೊಳ್ಳೋದು."

'ನಾವಿಬ್ಬರೇ...' ಆ ಮಾತು ಸೂಜಿಯಂತೆ ಒಳಗಿಳಿಯಿತು.

"ದಿನಾ ಮಾತಾಡ್ತೀರಾ?"

"ದಿನಾ. ಅವಳಿಲ್ದಿದ್ರೆ ನನ್ನ ಕೈಲಿ ಏನೂ ಆಗಲ್ಲ ಬಿಡು."

ಏನೂ ಆಗಲ್ಲವಂತೆ! ಬಿಲ್ಯಾನಾ ಕೈಯಲ್ಲಿದ್ದ ಕರಡಿ ಬೊಂಬೆಯ ಕಿವಿಯನ್ನು ಬಾಲದ ಜಾಗಕ್ಕೆ ಹೊಲಿದುಬಿಟ್ಟಳು.

ಆಮೇಲೆ ಅವಳ ಕಿವಿಗೆ ಬೇರೇನೂ ಬೀಳಲಿಲ್ಲ. ಅವನ ಫೋನು ಮೊಳಗಿದರೆ ಶ್ಪೇಲಾ. ಅವನು ಯೋಚನೆಯಲ್ಲಿ ಮುಳುಗಿದರೆ ಶ್ಪೇಲಾ. ಮನೆಯಲ್ಲಿ ಶ್ಪೇಲಾಳ ಚಿತ್ರ ಹುಡುಕಿದಳು. ಚಿಕ್ಕ ಕೂದಲು, ಅಗಲವಾದ ನಗು, ಬೆಟ್ಟ ಹತ್ತುವ ಬೂಟು. 'ಚೆಂದ ಇದ್ದಾಳೆ. ಥೂ! ಇಷ್ಟು ಚೆಂದ ಯಾಕಿರಬೇಕು? ನನಗೆ ಅರ್ಥವಾಗದ ಅವನ ಮಾತೆಲ್ಲ ಅವಳಿಗೆ ಅರ್ಥವಾಗುತ್ತೆ. ನಾನು ಯಾರು? ಪ್ರಿಂಟರ್ ಮುಂದೆ ಕಿರುಚಾಡೋಳು...'

ವಸಂತದಲ್ಲಿ ಕಮೆನ್ ಸ್ವಯಂಸೇವಕರ ಸಭೆಗೆಂದು ಒಂದು ವಾರ ಲ್ಯುಬ್ಲ್ಯಾನಾಗೆ ಹೋದ. ಶನಿವಾರ ಹೊಸ ನಾಟಕದ ಮೊದಲ ಪ್ರದರ್ಶನ. ಅಷ್ಟರೊಳಗೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದ.

ವಾರದ ನಡುವೆ ಸಭೆಯ ಒಂದು ಚಿತ್ರ ಅವಳ ಕಣ್ಣಿಗೆ ಬಿತ್ತು. ಹತ್ತಾರು ಜನ, ನಡುವೆ ಕಮೆನ್, ಅವನ ಹೆಗಲ ಮೇಲೆ ಶ್ಪೇಲಾಳ ಕೈ.

ಮತ್ತು ಶ್ಪೇಲಾಳ ಕುತ್ತಿಗೆಯಲ್ಲಿ... ಹಸಿರು ಮಫ್ಲರ್!

ಬಿಲ್ಯಾನಾಳ ಮೈಯೆಲ್ಲ ಉರಿಯಿತು. ಒಂದೊಂದು ಹೆಣಿಗೆಯೂ ತನ್ನದು! ಒಂದೊಂದು ಎಳೆ ಹಾಕುವಾಗಲೂ ಅವನನ್ನೇ ನೆನೆದಿದ್ದಳು! ಅದು ಈಗ ಇನ್ನೊಬ್ಬಳ ಕುತ್ತಿಗೆಯನ್ನು ಬೆಚ್ಚಗಿಟ್ಟಿದೆ...

ಆ ಸಂಜೆ ಅವನೇ ಫೋನ್ ಮಾಡಿದ. "ಬಿಲ್ಯಾ, ಇಲ್ಲಿ ಏನಾಯ್ತು ಗೊತ್ತಾ..."

"ಗೊತ್ತು."

"ಏನು ಗೊತ್ತು?"

"ಎಲ್ಲಾ ಗೊತ್ತು. ಇನ್ಮೇಲೆ ರಂಗಮಂದಿರಕ್ಕೆ ಬರಬೇಡ. ನಮ್ಮ ಪ್ರಿಂಟರ್ ನಾನೇ ನೋಡ್ಕೋತೀನಿ. ನೀನು ನಿನ್ನ ಶ್ಪೇಲಾ ಜೊತೆ ಲೋಕದ ಪ್ರಿಂಟರ್‌ಗಳನ್ನೆಲ್ಲ ಉದ್ಧಾರ ಮಾಡು!"

"ಬಿಲ್ಯಾ, ಒಂದು ನಿಮಿಷ..."

ಅವಳು ಫೋನ್ ಇಟ್ಟಳು. ಅವನು ಮತ್ತೆ ಮತ್ತೆ ಮಾಡಿದ. ಅವಳು ಎತ್ತಲಿಲ್ಲ. ಮೇಜಿನ ಮೇಲಿದ್ದ ಬೊಂಬೆಯನ್ನು ಎದೆಗವಚಿಕೊಂಡು ಅತ್ತಳು. ಹಚ್ಚಿದ ಬಣ್ಣವೆಲ್ಲ ಅವಳ ಕೆನ್ನೆಗೆ ಮೆತ್ತಿತು.

ಶನಿವಾರ ಬೆಳಿಗ್ಗೆ ಪ್ರಿಂಟರ್ ಮೌನವಾಗಿತ್ತು.

ಪ್ರಿಂಟ್ ಒತ್ತಿದಳು. ಸರದಿಯಲ್ಲಿ ಕೆಲಸ ಸೇರಿತು, ಅಲ್ಲೇ ನಿಂತಿತು. ಮತ್ತೆ ಒತ್ತಿದಳು. ಉಹುಂ! ಮಕ್ಕಳ ಬಸ್ಸು ಬರಲು ಎರಡು ಗಂಟೆ ಉಳಿದಿತ್ತು.

ಕಮೆನ್‌ಗೆ ಫೋನ್ ಮಾಡಲು ಬೆರಳು ಹೋಯಿತು. 'ಛೆ! ಅವನ ಕಾಲು ಹಿಡೀಬೇಕಾ? ಅವಳಿಗೆ ಬರೋದು ನನಗೆ ಬರಲ್ವಾ?' ಅಂತರ್ಜಾಲದಲ್ಲಿ ಯಾರೋ ಬರೆದ ಸಲಹೆ ಸಿಕ್ಕಿತು: ಪ್ರಿಂಟಿಂಗ್ ತಂತ್ರಾಂಶವನ್ನು ಪೂರ್ತಿ ತೆಗೆದು ಮತ್ತೆ ಹಾಕಿ. ಅವಳು ಆಜ್ಞೆ ಕೊಟ್ಟಳು. ಇದರೊಂದಿಗೆ ಇವೂ ಹೋಗುತ್ತವೆ ಎಂದು ಪರದೆ ಉದ್ದನೆಯ ಎಚ್ಚರಿಕೆ ಕೊಟ್ಟಿತು. ಓದುವ ತಾಳ್ಮೆ ಎಲ್ಲಿತ್ತು? ಹೂಂ ಎಂದು ಒತ್ತಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು.

ಕಪ್ಪು ಪರದೆ. ಮೂಲೆಯಲ್ಲಿ ಮಿಣುಕುವ ಒಂದು ಬಿಳಿ ಗೆರೆ. ಅಷ್ಟೇ!

"ಅಯ್ಯೋ...!"

ಪೆನ್ಕಾ ಓಡಿಬಂದಳು. "ಏನಾಯ್ತೇ?"

"ಪ್ರಿಂಟರ್ ಸರಿ ಮಾಡೋಕೆ ಹೋಗಿ ಕಂಪ್ಯೂಟರನ್ನೇ ಸಾಯಿಸಿಬಿಟ್ಟೆ! ಮಾತಿನ ಕಡತ ಇರೋದು ಇದರಲ್ಲೇ!"

"ಕಮೆನ್‌ಗೆ ಹೇಳು!"

ಈ ಸಲ ಮಾಡಿದಳು. ಅವನ ಫೋನು ಸಿಗಲಿಲ್ಲ. ಲಿನಕ್ಸ್ ಬಳಕೆದಾರರು ಸಹಾಯ ಕೇಳುವ ಮಾತುಕೋಣೆಯಲ್ಲಿ ಮೊಬೈಲಿಂದ ಬರೆದಳು: 'ಬೊಂಬೆ ನಾಟಕ. ಕಿವಿ ಕೇಳದ ಮಕ್ಕಳು ಬರ್ತಿದ್ದಾರೆ. ಪರದೆ ಕಪ್ಪಾಗಿದೆ. ಯಾರಾದ್ರೂ ಇದ್ದೀರಾ?'

ತಕ್ಷಣ ಉತ್ತರ ಬಂತು. 'ಇದ್ದೀನಿ. ವಿಡಿಯೊ ಕರೆ ಮಾಡ್ತೀನಿ, ಪರದೆ ತೋರಿಸು.'

ಉತ್ತರದ ಪಕ್ಕದಲ್ಲಿ ಹೆಸರಿತ್ತು. ಶ್ಪೇಲಾ!

ಬಿಲ್ಯಾನಾಗೆ ಮೊಬೈಲನ್ನು ಗೋಡೆಗೆ ಎಸೆಯಬೇಕೆನಿಸಿತು. ಜಗತ್ತಿನಲ್ಲಿ ಇಷ್ಟು ಜನರಿದ್ದಾರೆ... ಇವಳೇ ಬರಬೇಕಾ? ಆದರೆ ಮಕ್ಕಳು? ಅವಳು ಕಣ್ಣುಮುಚ್ಚಿ, ಉಸಿರೆಳೆದು, ಕರೆ ಎತ್ತಿದಳು.

ಶ್ಪೇಲಾಳ ಕಣ್ಣು ಊದಿಕೊಂಡಿತ್ತು, ಮೂಗು ಕೆಂಪಗಿತ್ತು. ಇಬ್ಬರಿಗೂ ಬರುವ ಮುರುಕು ಇಂಗ್ಲಿಷಿನಲ್ಲಿ ಮಾತು ಶುರುವಾಯಿತು.

"ಗಾಬರಿ ಬೇಡ. ನಿನ್ನ ಕಡತಗಳು ಎಲ್ಲೂ ಹೋಗಿಲ್ಲ. ಪ್ರಿಂಟಿಂಗ್ ತೆಗೆಯೋವಾಗ ಅದಕ್ಕೆ ಜೋತುಬಿದ್ದಿದ್ದ ಪರದೆಯ ಭಾಗಗಳೂ ಹೊರಟುಹೋಗಿವೆ, ಅಷ್ಟೇ. ನಾನು ಹೇಳಿದ್ದನ್ನ ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡು."

ಬಿಲ್ಯಾನಾ ಟೈಪ್ ಮಾಡಿದಳು. ತಪ್ಪಾಯಿತು. ಮತ್ತೆ ತಪ್ಪಾಯಿತು. ಶ್ಪೇಲಾ ಒಮ್ಮೆಯೂ ರೇಗಲಿಲ್ಲ. ಅದೇ ಇನ್ನೂ ಸಂಕಟ! 'ಬೈಯಬಾರದಾ? ಬೈದರೆ ದ್ವೇಷಿಸೋಕೆ ಸುಲಭ...'

ಹೋದ ಭಾಗಗಳೆಲ್ಲ ಒಂದೊಂದಾಗಿ ಮರಳಿದವು. ಪರದೆ ಬೆಳಗಿತು. ಬಿಲ್ಯಾನಾಳ ಕಣ್ಣಲ್ಲಿ ನೀರು ಬಂತು.

"ಈಗ ಪ್ರಿಂಟರ್ ನೋಡೋಣ. ಅಲ್ಲಿನ ಜಾಲದಲ್ಲಿ ಏನಾದ್ರೂ ಬದಲಾಯ್ತಾ?"

"ನಿನ್ನೆ ವೈಫೈ ಪೆಟ್ಟಿಗೆ ಹೊಸದು ಹಾಕಿದ್ರು."

"ಸಿಕ್ತು! ಅದು ಪ್ರಿಂಟರ್‌ಗೆ ಹೊಸ ವಿಳಾಸ ಕೊಟ್ಟಿದೆ. ನಿನ್ನ ಕಂಪ್ಯೂಟರ್ ಇನ್ನೂ ಹಳೇ ವಿಳಾಸಕ್ಕೇ ಕೂಗ್ತಿದೆ. ಅಲ್ಲಿ ಯಾರೂ ಇಲ್ಲ, ಪಾಪ."

ಹೊಸ ವಿಳಾಸ ಕೊಟ್ಟರು. ಪ್ರಿಂಟರ್ ಗುರುಗುಟ್ಟಿತು, ಮೊದಲ ಹಾಳೆ ಹೊರಬಂತು. ದಪ್ಪ ಅಕ್ಷರಗಳು, ಒಂದೂ ತಪ್ಪಿಲ್ಲದೆ.

"ಬಂತು! ಬಂತು!" ಬಿಲ್ಯಾನಾ ಕುಣಿದಳು. ಆಮೇಲೆ ಯಾರೆದುರು ಕುಣಿಯುತ್ತಿದ್ದೇನೆ ಎಂಬುದು ನೆನಪಾಗಿ ನಿಂತಳು.

"ಥ್ಯಾಂಕ್ಸ್..."

ಶ್ಪೇಲಾ ಅವಳನ್ನೇ ನೋಡುತ್ತಿದ್ದಳು. "ಬೊಂಬೆ ನಾಟಕ. ಪ್ಲೋವ್ದಿವ್ ಅಲ್ವಾ? ನೀನು ಬಿಲ್ಯಾನಾ."

"ನಿನಗೆ ಹೇಗೆ...?"

"ಅವನು ನಿನ್ನ ಬಗ್ಗೆ ಬಿಟ್ಟು ಬೇರೆ ಮಾತೇ ಆಡಲ್ಲ. ಬುಧವಾರ ನನಗೆ ಜ್ವರ, ನಡುಗ್ತಿದ್ದೆ. ಫೋಟೊ ತೆಗೆಯೋಷ್ಟು ಹೊತ್ತು ಮಫ್ಲರ್ ಕೊಟ್ಟ. ಮುಗಿದ ತಕ್ಷಣ ಕೈ ಚಾಚಿ ನಿಂತುಬಿಟ್ಟ, 'ವಾಪಸ್ ಕೊಡು' ಅಂತ. ಜ್ವರ ಬಂದವಳ ಹತ್ತಿರ!" ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಆ ಸಂಜೆ ನಾನು ಅವನಿಗೆ ಹೇಳಿದೆ, ನಿನ್ನನ್ನ ಪ್ರೀತಿಸ್ತೀನಿ ಅಂತ. ಸುಳ್ಳು ಯಾಕೆ ಹೇಳಲಿ? ಅವನು ಆಗಲ್ಲ ಅಂದ. ಅದನ್ನೇ ನಿನಗೆ ಹೇಳೋಣ ಅಂತ ಫೋನ್ ಮಾಡಿದ್ನಂತೆ, ನೀನು ಬೈದೆಯಂತೆ."

ಬಿಲ್ಯಾನಾ ಹಾಳೆಯನ್ನು ಮೆಲ್ಲನೆ ಕೆಳಗಿಟ್ಟಳು. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ, ಆ ಜಾಗದಲ್ಲಿ ನಾಚಿಕೆ ತುಂಬಿಕೊಂಡಿತು. ಎದುರಿಗಿದ್ದವಳು ಕಳ್ಳಿಯಲ್ಲ. ಅತ್ತು ಊದಿದ ಕಣ್ಣಲ್ಲೇ ತನಗಾಗಿ ಕೂತು ಕೆಲಸ ಮಾಡಿದವಳು.

"ಒಂದೇ ಪ್ರಶ್ನೆ," ಎಂದಳು ಶ್ಪೇಲಾ. "ನಿಜ ಹೇಳು. ನೀನು ಅವನನ್ನ ಪ್ರೀತಿಸ್ತೀಯಾ?"

ಬಿಲ್ಯಾನಾ ಬಾಯಿ ತೆರೆದಳು, ದನಿ ಹೊರಡಲಿಲ್ಲ. ತಲೆಯಾಡಿಸಿದಳು. ಮತ್ತೆ ಮತ್ತೆ, ಅತ್ತಿಂದಿತ್ತ, ಕಣ್ಣೀರು ಹಾರುವಂತೆ ಆಡಿಸಿದಳು.

ಶ್ಪೇಲಾಳ ಮುಖ ಗಡುಸಾಯಿತು. "ಸರಿ. ಗೊತ್ತಾಯ್ತು," ಎಂದಳು. ಕರೆ ಕಡಿಯಿತು.

'ನೊಂದುಕೊಂಡಳು ಪಾಪ...' ಎಂದುಕೊಂಡಳು ಬಿಲ್ಯಾನಾ. ಹೊರಗೆ ಬಸ್ಸಿನ ಸದ್ದು ಕೇಳಿಸಿತು.

ನಾಟಕ ಮುಗಿಯುವಾಗ ಮಕ್ಕಳು ಹಾಳೆ ಹಿಡಿದ ಕೈಗಳನ್ನು ಮೇಲೆತ್ತಿ, ಗಾಳಿಯಲ್ಲಿ ಎಲೆಗಳಂತೆ ಅಲುಗಿಸಿದರು. ಅವರ ಚಪ್ಪಾಳೆ ಅದು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ತನ್ನ ಹಾಳೆಗೆ ಮುತ್ತಿಟ್ಟಳು. ಪೆನ್ಕಾ ಮೂಗೊರೆಸಿಕೊಂಡಳು. ಬಿಲ್ಯಾನಾ ರಂಗದ ಪರದೆಯ ಹಿಂದೆ ನಿಂತು ಅಳುತ್ತಿದ್ದಳು. ಪಕ್ಕದಲ್ಲಿ ಅವನು ಇರಬೇಕಿತ್ತು. ತಾನೇ ಬರಬೇಡ ಎಂದವಳು...

ಎಲ್ಲರೂ ಹೋದ ಮೇಲೆ ಬಾಗಿಲು ದಢಾರನೆ ತೆರೆಯಿತು.

ಕಮೆನ್! ಹೆಗಲಲ್ಲಿ ಚೀಲ, ಏದುಸಿರು, ಹಣೆಯ ಮೇಲೆ ಬೆವರು.

"ಬರಬೇಡ ಅಂದಿದ್ದೆ ನೀನು," ಎಂದ.

"...ಅಂದಿದ್ದೆ."

"ಸೋಫಿಯಾದಲ್ಲಿ ವಿಮಾನ ಇಳಿದು ಬಸ್ ಹತ್ತಿದೆ. ಸತ್ತಿದ್ದ ಫೋನ್‌ಗೆ ಜೀವ ಬಂದ ತಕ್ಷಣ ಶ್ಪೇಲಾಳ ಕರೆ. ಬೈಗುಳವೋ ಬೈಗುಳ! 'ಇಂಥ ಹುಡುಗಿಗೋಸ್ಕರ ನನ್ನನ್ನ ಬೇಡ ಅಂದ್ಯಾ? ನಾನೇ ಕೇಳಿದೆ, ಪ್ರೀತಿ ಇಲ್ಲ ಅಂದಳು' ಅಂತ."

"ನಾನು ಯಾವಾಗ ಹಾಗಂದೆ?!" ಬಿಲ್ಯಾನಾ ಬೆಚ್ಚಿದಳು.

"ನಾನೂ ಅದನ್ನೇ ಕೇಳಿದೆ, ಬಾಯಲ್ಲಿ ಅಂದಳಾ ಅಂತ. ಇಲ್ಲ, ತಲೆಯಾಡಿಸಿದಳು ಅಂದಳು. ಹೇಗೆ ಆಡಿಸಿದಳು ಅಂದೆ. ಅತ್ತಿಂದಿತ್ತ ಅಂದಳು."

ಬಿಲ್ಯಾನಾ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅವಳ ಊರಲ್ಲಿ ಅದು 'ಇಲ್ಲ', ಬಿಲ್ಯಾ. ನಮ್ಮೂರಲ್ಲಿ 'ಹೌದು' ಅಂತ ಅವಳಿಗೇನು ಗೊತ್ತು? ನಾನು ಬಸ್ಸಲ್ಲೇ ಕಿರುಚಿಬಿಟ್ಟೆ. ಡ್ರೈವರ್ ಇಳಿಸಿಬಿಡ್ತೀನಿ ಅಂದ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಅವಳಿಗೆ ಹೇಳಿದ್ಯಾ?"

"ಹೇಳಿದೆ. 'ಹಾಗಾದ್ರೆ ಓಡು, ಕತ್ತೆ' ಅಂದಳು."

"ಒಳ್ಳೆಯವಳು ಕಮೆನ್. ನಾನು ಅವಳನ್ನ ಎಷ್ಟು ಶಪಿಸಿದ್ದೆ ಗೊತ್ತಾ? ಅವಳ ಬೂಟನ್ನೂ ಬಿಟ್ಟಿರಲಿಲ್ಲ."

"ನಾನು ಮೊದಲೇ ಹೇಳಬೇಕಿತ್ತು. ನಿನ್ನ ಹತ್ರ ಬಂದಾಗೆಲ್ಲ ಪ್ರಿಂಟರ್ ವಿಷಯ ಮಾತ್ರ ಬಾಯಿಗೆ ಬರ್ತಿತ್ತು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಪ್ರೀತಿಸ್ತೀನಿ ಬಿಲ್ಯಾ. ಈಗ ನಾನೇ ಕೇಳ್ತೀನಿ. ನೀನು?"

ಅವಳ ತಲೆ ತಾನಾಗಿ ಅಲುಗಲು ಹೊರಟಿತು. ಅವನು ಎರಡೂ ಕೈಗಳಲ್ಲಿ ಅವಳ ಮುಖ ಹಿಡಿದು ನಿಲ್ಲಿಸಿದ.

"ಉಹುಂ. ತಲೆ ಬೇಡ. ಬಾಯಲ್ಲಿ ಹೇಳು. ಇನ್ಯಾರೂ ತಪ್ಪು ತಿಳಿಯಬಾರದು."

"ಇಲ್ಲಿ ಇನ್ಯಾರಿದ್ದಾರೆ?"

"ನಾನಿದ್ದೀನಲ್ಲ. ನನಗೆ ಕೇಳಬೇಕು."

ಅವಳು ಅವನ ಕಿವಿಯ ಹತ್ತಿರ ತುಟಿ ತಂದಳು.

"ಹೌದು," ಎಂದಳು.