ಚಾಗಲೆ ತಂದ ತೂಗುದೀಪ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲ. ಆಗ ನಂದಿವಾಳವೆಂಬ ರಾಜ್ಯವೊಂದಿತ್ತು. ಅಲ್ಲಿಯ ಹಳೆಯ ಅರಮನೆಯಲ್ಲಿ ಹಿಂದಿನ ಅರಸರ ಕತ್ತಿ, ಪಲ್ಲಕ್ಕಿ, ವೀಣೆಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದರು. ಅವುಗಳ ನಡುವೆ ಕಂಚಿನ ಸರಪಳಿಯಲ್ಲಿ ಒಂದು ತೂಗುದೀಪ. ಅದು ಆರಿದ್ದನ್ನು ಕಂಡವರಿಲ್ಲ; ರಾಜ್ಯದ ಒಲೆಗಳೆಲ್ಲ ಉರಿಯುತ್ತಿದ್ದುದು ಅದರ ಬಲದಿಂದಲೇ. ಅದರ ನೇರ ಕೆಳಗೆ ನಿಂತ ಮಾಂತ್ರಿಕ ಬೂದಿಯಾಗುತ್ತಿದ್ದ.

ಧೂಮನಾಥನೆಂಬ ಮಾಂತ್ರಿಕ ಗೂಬೆಗಳ ಹಿಂಡು ಕಳಿಸಿ ಆ ದೀಪವನ್ನು ಕದ್ದ. ಅಂದಿನಿಂದ ರಾಜ್ಯದಲ್ಲಿ ಒಲೆ ಹೊತ್ತಲಿಲ್ಲ. ಜನ ನೆನೆಸಿದ ಅಕ್ಕಿ ತಿಂದರು. ಬಾಣಂತಿಯರಿಗೆ ಬಿಸಿನೀರಿಲ್ಲ. ದೀಪ ತರಲು ಹೋದ ರಾಜಕುಮಾರ ಬೀರರಸನೂ ಅವನ ಪಡೆಯೂ ಮರಳಲಿಲ್ಲ.

"ಅಪ್ಪಾಜಿ, ನಾನು ಹೋಗುತ್ತೇನೆ" ಎಂದಳು ಅವನ ತಂಗಿ ಚಾಗಲೆ.

"ಇದ್ದೊಬ್ಬ ಮಗ ಹೋದ. ನಿನ್ನನ್ನೂ ಕಳಿಸಲೇ?" ಅರಸ ಅತ್ತ.

"ಅಣ್ಣನನ್ನು ಕರೆತರುವವರು ಯಾರು ಮತ್ತೆ?" ಎಂದು ಅವಳು ಹೊರಟೇಬಿಟ್ಟಳು.

ಕಾಡಿನಲ್ಲಿ ಎರಡು ತಲೆಯ ತೋಳ ಅಡ್ಡ ಬಂತು. ಚಾಗಲೆ ಬುತ್ತಿಯ ಒಣಮಾಂಸದ ಒಂದೇ ತುಂಡನ್ನು ಎಸೆದಳು. ಎರಡು ತಲೆಗಳೂ ಅದಕ್ಕಾಗಿ ಕಚ್ಚಾಡಿದವು, ಅವಳು ದಾಟಿದಳು.

ಮುಂದೆ ಹೊಗೆಯ ಹೊಳೆ. ಉಸಿರೆಳೆದವರು ಉಳಿಯುತ್ತಿರಲಿಲ್ಲ. ಹೊಗೆ ಮೇಲೇರುತ್ತದಲ್ಲವೇ? ಒದ್ದೆ ಸೆರಗನ್ನು ಮೂಗಿಗೆ ಕಟ್ಟಿ, ನೆಲಕ್ಕೆ ಅಂಟಿಕೊಂಡು ತೆವಳಿದಳು. ಮೊಣಕೈ ತರಚಿ ರಕ್ತ ಬಂತು, ಅವಳು ನಿಲ್ಲಲಿಲ್ಲ.

ಧೂಮನಾಥನ ಗವಿಯಲ್ಲಿ ಸಾಲುಸಾಲು ತೂಗುದೀಪಗಳು, ಎಲ್ಲವೂ ಒಂದೇ ತರಹ.

"ನಿನ್ನ ದೀಪ ಯಾವುದು ಹೇಳು ಹುಡುಗಿ. ತಪ್ಪಿದರೆ ನಿನ್ನ ಅಣ್ಣನಂತೆ ನೀನೂ ದೀಪವಾಗಿ ಇಲ್ಲೇ ತೂಗಾಡುವೆ!" ಎಂದ ಧೂಮನಾಥ.

ಚಾಗಲೆ ನಕ್ಕಳು. "ನಾನು ಗಿಡ್ಡಿ, ಮೇಲಿರುವುದು ಕಾಣದು. ನೀನೇ ಜೊತೆಗೆ ಬಂದು ಒಂದೊಂದನ್ನೂ ತೋರಿಸು."

ಮಾಂತ್ರಿಕ ಬೀಗುತ್ತ ಮುಂದೆ ನಡೆದ. ಒಂದರ ಕೆಳಗೆ ನಡೆದ, ಇನ್ನೊಂದರ ಕೆಳಗೆ ನಡೆದ. ಮೂಲೆಯ ದೀಪ ಬಂದಾಗ ಮಾತ್ರ ಬಳಸಿಕೊಂಡು ಪಕ್ಕಕ್ಕೆ ಸರಿದ.

ಚಾಗಲೆ ಎರಡೂ ಕೈಯಿಂದ ಅವನನ್ನು ಆ ದೀಪದಡಿಗೆ ನೂಕಿದಳು. ಒಂದು ಕಿರುಚಾಟ, ಒಂದು ಹಿಡಿ ಬೂದಿ. ಉಳಿದ ದೀಪಗಳೆಲ್ಲ ಧೊಪ್ಪಧೊಪ್ಪನೆ ಬಿದ್ದು ಮನುಷ್ಯರಾದವು. ಬೀರರಸ ಕಣ್ಣುಜ್ಜಿಕೊಂಡು, "ತಂಗೀ, ನೀನಾ!" ಎಂದ.

ಇಡೀ ಪಡೆ ಕುಣಿಯುತ್ತ ದೀಪ ಹೊತ್ತು ತಂದಿತು. ನಂದಿವಾಳದ ಮನೆಮನೆಯಲ್ಲೂ ಒಲೆ ಭುಗ್ಗನೆ ಹೊತ್ತಿತು. ಅರಸ ತನ್ನ ಕಿರೀಟ ತೆಗೆದು ಮಗಳ ತಲೆಗಿಡಲು ಬಂದ.

"ಅದು ಆಮೇಲೆ, ಅಪ್ಪಾಜಿ. ಮೊದಲು ಬಿಸಿ ಅನ್ನ ಬಡಿಸಿ!" ಎಂದಳು ಚಾಗಲೆ.

ಅರಸನೇ ಬಡಿಸಿದ. ಊರಿಗೆ ಊರೇ ಹೊಟ್ಟೆ ತುಂಬ ಉಂಡಿತು, ಚಾಗಲೆ ರಾಣಿಯ ಕಾಲವೆಲ್ಲ ನಗುನಗುತ್ತ ಬಾಳಿತು.