ಹಿಂದಿನ ಗೂಟದ ಓಲೆ

ಬಹಳ ಹಿಂದೆ ಕಣಜಾಪುರ ಅಂತೊಂದು ರಾಜ್ಯವಿತ್ತು. ಅಲ್ಲಿ ದೂರ ಪಯಣ ಹೊರಟವರು ದನಿ ದಾರಿಯಲ್ಲಿ ಕಳೆದುಹೋಗದಿರಲೆಂದು ಅದನ್ನು ಮಡಕೆಗೆ ತುಂಬಿ ಅರಮನೆಯ ಉಗ್ರಾಣದಲ್ಲಿಟ್ಟು ಹೋಗುತ್ತಿದ್ದರು. ನಂಬದವರು ಆ ಮಡಕೆಗಳನ್ನೇ ಕೇಳಬಹುದು.

ಹಗ್ಗ ಹೊಸೆಯುವ ಬೊಪ್ಪನ ಹೆಂಡತಿ ಹೊಂಬಾಳೆಯೂ ತವರಿಗೆ ಹೋಗುವಾಗ ದನಿ ಇಟ್ಟಳು. ಮರಳಿದ ದಿನವೇ, ದನಿ ಕೊಡಿರೆಂದು ಓಲೆ ಬರೆಸಿ ಗೂಟಕ್ಕೆ ಸಿಕ್ಕಿಸಿದಳು.

ಉಗ್ರಾಣದಲ್ಲಿ ಎರಡು ಗೂಟ. ಮುಂದಿನದು ಅರಮನೆಯ ತುರ್ತಿಗೆ, ಹಿಂದಿನದು ಊರವರಿಗೆ. ಸಾಮಾನು ಹೊತ್ತು ತರುವ ಮೂರು ಭೂತಗಳು, ಮುಂದಿನ ಗೂಟ ಖಾಲಿಯಾದರೆ ಮಾತ್ರ ಹಿಂದಿನದನ್ನು ಮುಟ್ಟುತ್ತಿದ್ದವು. ಖಾಲಿಯಾಗಲು ಉಗ್ರಾಣದ ಮೇಲಾಳು, ಮಾಯಾವಿ ಹೊಗೆಗಣ್ಣ ಬಿಟ್ಟರಲ್ಲವೇ! ರಾಜನ ಗಿಳಿಗೆ ಮೆಣಸಿನಕಾಯಿ, ರಾಜನ ಮೀಸೆಗೆ ಎಣ್ಣೆ, ಆ ಎಣ್ಣೆಯ ಕುಡಿಕೆಗೆ ಮುಚ್ಚಳ, ಎಲ್ಲವೂ ತುರ್ತು. ಏಳು ವರ್ಷ ಉಗ್ರಾಣದಲ್ಲೇ ಉಳಿದ ದನಿ ಹೊಗೆಗಣ್ಣನ ಪಾಲು. ಅಂಥ ದನಿಗಳನ್ನು ಕುಡಿದೇ ಅವನು ಮುನ್ನೂರು ವರ್ಷದಿಂದ ಎಳೆಯನಾಗಿದ್ದ.

ಹೊಂಬಾಳೆ ಬಾಗಿಲಲ್ಲಿ ನಿಂತು ಬಾಯಿ ತೆರೆದರೆ ಬರೀ ಉಸಿರು. ಬೈಯುತ್ತಿದ್ದಾಳೋ, ಸಾರು ಮಾಡಲು ಕರೆಯುತ್ತಿದ್ದಾಳೋ ತಿಳಿಯದೆ ಬೊಪ್ಪ ಎರಡಕ್ಕೂ "ಹ್ಞೂಂ ಕಣೇ" ಅನ್ನುತ್ತಿದ್ದ. ಆ ದನಿ ಹೇಗಿತ್ತೆಂದು ನೆನೆಯುತ್ತ ಕೂತರೆ, ಹೊಸೆಯುವ ಹಗ್ಗ ಕೈಯಲ್ಲೇ ಸಡಿಲಾಗುತ್ತಿತ್ತು.

ಏಳು ವರ್ಷಕ್ಕೆ ಮೂರೇ ದಿನ ಉಳಿಯಿತು.

ಮೊದಲ ದಿನ ಬೊಪ್ಪ ಮಡಕೆ ಕದಿಯಲು ಹೋದ. ಉಗ್ರಾಣದ ಬಾಗಿಲು ಕಾಯುವ ಹೆಬ್ಬಾವು ಅವನನ್ನು ನುಂಗಿತು. ಅವನ ಮೈಗಂಟಿದ ಹಗ್ಗದ ನಾರು ಗಂಟಲಿಗೆ ಚುಚ್ಚಿದ್ದರಿಂದ ಉಗಿದುಬಿಟ್ಟಿತು.

ಎರಡನೆಯ ದಿನ ಹೆಬ್ಬಾವು ಮುಖ ತಿರುಗಿಸಿಕೊಂಡಿತು. ಒಳಹೊಕ್ಕ ಬೊಪ್ಪ, ಸಾಲು ಮಡಕೆಗಳಲ್ಲಿ ಹೊಂಬಾಳೆಯದು ಯಾವುದೆಂದು ತಿಳಿಯದೆ, ಅವಳ ಓಲೆಯನ್ನು ಮುಂದಿನ ಗೂಟಕ್ಕೆ ಸಿಕ್ಕಿಸಿದ. ರಾಜಮುದ್ರೆ ಇಲ್ಲದ ಓಲೆ ಬಾವಲಿಯಾಗಿ ಹಾರಿ ಹಿಂದಿನ ಗೂಟಕ್ಕೇ ಜೋತುಬಿತ್ತು.

"ಯಾಕೋ ಒದ್ದಾಡ್ತೀಯ?" ಎಂದವು ಭೂತಗಳು. "ಉಗ್ರಾಣ ಮುಚ್ಚೋ ದಿನ ಬಂದರೆ, ನೇತಾಡೋ ಓಲೆಯೆಲ್ಲ ಮುಗಿಸಿಯೇ ಬೀಗ ಹಾಕಬೇಕು. ಅದು ಕಟ್ಟಳೆ. ಆದರೆ ಮುಚ್ಚೋರು ಯಾರು?"

ಮೂರನೆಯ ದಿನ ಬೊಪ್ಪ ರಾಜನೆದುರು ಕೈಮುಗಿದ. "ಮಹಾಪ್ರಭೂ, ಉಗ್ರಾಣಕ್ಕೆ ಸುಣ್ಣ ಬಳಿಸಿ ಎಷ್ಟು ಕಾಲವಾಯ್ತು? ಪಕ್ಕದ ರಾಜರದ್ದು ಹಾಲಿನ ಹಾಗೆ ಹೊಳೀತದಂತೆ."

ಪಕ್ಕದ ರಾಜನಿಗೆ ಉಗ್ರಾಣವೇ ಇರಲಿಲ್ಲ.

ರಾಜನ ಮೀಸೆ ನೆಟ್ಟಗಾಯಿತು. "ಈಗಲೇ ಮುಚ್ಚಿಸಿ! ಸುಣ್ಣ ಬಳೀರಿ!"

ಡಂಗುರ ಬಾರಿಸಿದ್ದೇ ತಡ, ಗೂಟಗಳು ಹೊಸ ಓಲೆ ಹಿಡಿಯಲಿಲ್ಲ. ಹೊಗೆಗಣ್ಣ ಸಿಕ್ಕಿಸಿದ್ದೆಲ್ಲ ಜಾರಿ ಬಿತ್ತು. ಮುಂದಿನ ಗೂಟ ಬರಿದಾಯಿತು. ಭೂತಗಳು ಹಿಂದಿನದಕ್ಕೆ ಕೈಹಾಕಿದವು. ಒಂದೊಂದು ಮಡಕೆ ಹೊರಟಂತೆ ಹೊಗೆಗಣ್ಣನ ತಲೆ ನರೆಯಿತು, ಬೆನ್ನು ಬಾಗಿತು. ಕೊನೆಯ ಮಡಕೆ ಹೊಸಿಲು ದಾಟಿದಾಗ ಅವನು ಹಿಡಿ ಸುಣ್ಣವಾಗಿದ್ದ. ಅದನ್ನೂ ಗೋಡೆಗೆ ಬಳಿದರು.

ಹೊಂಬಾಳೆ ಮಡಕೆ ಎತ್ತಿ ಗಟಗಟ ಕುಡಿದಳು. ಬೊಪ್ಪ ಕಿವಿಯೊಡ್ಡಿ ನಿಂತ.

"ಏಳು ವರ್ಷದಿಂದ ಬಡ್ಕೋತಿದೀನಿ," ಎಂದಳು, "ನೀವು ಸಾರಿಗೆ ಉಪ್ಪು ಜಾಸ್ತಿ ಹಾಕ್ತೀರಿ!"

ಬೊಪ್ಪನ ಕಣ್ಣು ತುಂಬಿತು. "ಇನ್ನೊಂದ್ಸಲ ಹೇಳೇ."

ಅಂದಿನಿಂದ ಮುಂದಿನ ಗೂಟದ ಹತ್ತು ಓಲೆಗೆ ಹಿಂದಿನದೊಂದು ಎಂದು ಕಟ್ಟಳೆಯಾಗಿ ಕಣಜಾಪುರವೆಲ್ಲ ಸುಖವಾಗಿದೆ. ಹೊಂಬಾಳೆ ಇನ್ನೂ ಹೇಳುತ್ತಲೇ ಇದ್ದಾಳೆ. ಬೊಪ್ಪ ಬೇಕೆಂದೇ ಉಪ್ಪು ಸುರಿಯುತ್ತಾನೆ.