ಆಲ್ಟ್‌ವೀಲ್ ಮೈದಾನದ ಎರಡು ತಲೆಯ ಹದ್ದು

ಆ ಮಂಗಳವಾರ ಬೆಳಿಗ್ಗೆ ತಂಡದ ಮಾಲೀಶುಗಾರ ಕುರ್ಡಿನ್ ಕಾಫ್ಲಿಷ್ ಮೈದಾನದ ಗೇಟು ದಾಟುವಾಗ, ಒಳಗಿದ್ದವರು ಯಾರೂ ಅವನ ನಮಸ್ಕಾರಕ್ಕೆ ಓಗೊಡಲಿಲ್ಲ. ಎಲ್ಲರೂ ಹುಲ್ಲನ್ನೇ ನೋಡುತ್ತಿದ್ದರು. ಹಸಿರು ಹುಲ್ಲಿನ ನಟ್ಟನಡುವೆ ಕಂದು ಬಣ್ಣಕ್ಕೆ ಸುಟ್ಟುಹೋದ ಭಾರಿ ಆಕಾರವೊಂದು ಎದ್ದು ಕಾಣುತ್ತಿತ್ತು. ಕುರ್ಡಿನ್ ಪ್ರೇಕ್ಷಕರ ಕಟ್ಟೆಯ ಮೇಲ್ಸಾಲಿಗೆ ಹತ್ತಿ ನೋಡಿದ. ಎರಡು ತಲೆಯ ಹದ್ದು. ಚಾಚಿದ ರೆಕ್ಕೆ, ಅಗಲಿಸಿದ ಉಗುರು, ತಲೆಗಳ ನಡುವೆ ಪುಟ್ಟ ಕಿರೀಟ. ಯಾರೋ ಕಳೆನಾಶಕ ಸಿಂಪಡಿಸಿ ಬರೆದಿದ್ದರು.

ಪುಟ್ಟ ಸ್ವಿಸ್ ಊರಿನ ಫುಟ್‌ಬಾಲ್ ಕ್ಲಬ್ಬಾದ ಎಫ್‌ಸಿ ಆಲ್ಟ್‌ವೀಲ್‌ಗೆ ಅಂಥ ವರ್ಷ ಹಿಂದೆಂದೂ ಬಂದಿರಲಿಲ್ಲ. ಲೀಗಿನಲ್ಲಿ ದೊಡ್ಡ ಊರುಗಳ ತಂಡಗಳನ್ನು ಹಿಂದೆ ಹಾಕಿ, ಯುರೋಪಿನ ಪಂದ್ಯಾವಳಿಗೆ ಅರ್ಹತೆ ಪಡೆದು, ಎರಡು ಸುತ್ತು ದಾಟಿ ನಿಂತಿತ್ತು. ಗುರುವಾರ ಕೊಸೊವೊದ ರಾಜಧಾನಿ ಪ್ರಿಷ್ಟಿನಾದ ತಂಡ ಇದೇ ಮೈದಾನಕ್ಕೆ ಬರಬೇಕಿತ್ತು. ಮಧ್ಯಾಹ್ನದೊಳಗೆ ಯುರೋಪಿನ ಸಂಘದ ಅಧಿಕಾರಿ ಬಂದು, ಹುಲ್ಲು ಮುಟ್ಟಿ ನೋಡಿ, ಪಂದ್ಯ ಇಲ್ಲಿ ಸಾಧ್ಯವಿಲ್ಲ, ಪಕ್ಕದ ನಗರದ ದೊಡ್ಡ ಕ್ರೀಡಾಂಗಣಕ್ಕೆ ಹೋಗಿ ಎಂದುಬಿಟ್ಟ.

ಅಷ್ಟರಲ್ಲಿ ಅಪರಾಧಿಯೂ ಸಿಕ್ಕಾಗಿತ್ತು. ಗೋಲ್‌ಕೀಪರ್ ಬೆಸ್ನಿಕ್ ಗ್ಯಾಷಿಯ ಅಪ್ಪ ಅಮ್ಮ ಕೊಸೊವೊದಿಂದ ಬಂದವರು; ಅಲ್ಲಿನ ಜನ ತಮ್ಮದೆಂದು ಹಾರಿಸುವ ಬಾವುಟದ ಮೇಲಿರುವುದು ಎರಡು ತಲೆಯ ಹದ್ದು. ಅವನು ಹುಟ್ಟಿದ್ದು ಆಲ್ಟ್‌ವೀಲ್ ಆಸ್ಪತ್ರೆಯಲ್ಲೇ. ಸೋಮವಾರ ಸಂಜೆ ಎಲ್ಲರೂ ಹೋದ ಮೇಲೂ ಅವನೊಬ್ಬ ಅಭ್ಯಾಸ ಮಾಡುತ್ತಿದ್ದ. ಮೇಲಾಗಿ, ಅವನ ಬೂಟಿನ ಗೂಡಿನಲ್ಲಿ ಕಳೆನಾಶಕದ ಖಾಲಿ ಡಬ್ಬ ಸಿಕ್ಕಿತ್ತು. ಹುಡುಕಿ ತೆಗೆದವನು ಕ್ಲಬ್ಬಿನ ಉಪಾಧ್ಯಕ್ಷ ಎಡ್ವಿನ್ ಷ್ಟಾಹೆಲ್.

"ಹದ್ದು ಯಾರ್ದು ಅಂತ ಚಿಕ್ಕ ಮಕ್ಕಳಿಗೂ ಗೊತ್ತು," ಎಂದ ಷ್ಟಾಹೆಲ್ ಎಲ್ಲರ ಮುಂದೆ. "ಹೋದ ವರ್ಷ ಗೆದ್ದಾಗ ಎರಡೂ ಕೈ ಜೋಡಿಸಿ ಇದೇ ಹದ್ದು ಮಾಡಿ ತೋರಿಸ್ದ. ಆವತ್ತೇ ಹೇಳ್ದೆ ನಾನು. ಅನ್ನ ಇಲ್ಲೀದು, ಮನಸ್ಸು ಅಲ್ಲೀದು."

ಬೆಸ್ನಿಕ್ ಗೋಡೆಗೊರಗಿ ನಿಂತಿದ್ದ. ತಾನಲ್ಲ ಎಂದು ಒಮ್ಮೆ ಹೇಳಿದ. ಅಧ್ಯಕ್ಷೆ ಮಾರ್ಲೀಸ್ ಕೇಲಿನ್ ಅವನಿಂದ ಕೈಗವಸು, ಅಂಗಿ ಎರಡನ್ನೂ ವಾಪಸು ಪಡೆದಳು. ನಿನ್ನೆಯವರೆಗೆ ಅವನ ಹೆಸರು ಕೂಗುತ್ತಿದ್ದವರು ಅವನಿಗೆ ದಾರಿ ಬಿಟ್ಟು ದೂರ ಸರಿದು ನಿಂತದ್ದನ್ನು ನೋಡಿ ಕುರ್ಡಿನ್‌ಗೆ ಮೈಯೆಲ್ಲ ಉರಿಯಿತು. ಅವನು ಯಾರಿಗೂ ಹೇಳದೆ ನೇರ ಆಡ್ಲರ್ ಹೋಟೆಲಿಗೆ ನಡೆದ.

ಹೋಟೆಲಿನ ಬಾಗಿಲ ಮೇಲೆ ತೂಗುವ ಎರಡು ತಲೆಯ ಹಳೆಯ ಕಬ್ಬಿಣದ ಹದ್ದನ್ನು ದಾಟಿ, ಮೆಟ್ಟಿಲು ಹತ್ತಿದರೆ ರೆಗುಲಾ ಆಮ್‌ಸ್ಟುಟ್ಸಳ ಮನೆ. ಪ್ರಾಂತ್ಯದ ಪೊಲೀಸ್ ಇಲಾಖೆಯಿಂದ ನಿವೃತ್ತಳಾದ ಮೇಲೂ ಊರಿನಲ್ಲಿ ಏನೇ ಕಳುವಾಗಲಿ, ಯಾರೇ ಕಾಣೆಯಾಗಲಿ, ಜನ ಠಾಣೆಗಿಂತ ಮೊದಲು ಆ ಮೆಟ್ಟಿಲನ್ನೇ ಹತ್ತುತ್ತಿದ್ದರು. ಅಂಥ ಹಲವು ಪ್ರಸಂಗಗಳಲ್ಲಿ ಕುರ್ಡಿನ್ ಅವಳ ಜೊತೆಗಿದ್ದ.

ಅವಳು ಎಲ್ಲವನ್ನೂ ಕೇಳಿಸಿಕೊಂಡು ಕೋಟು ಹಾಕಿಕೊಂಡಳು. ಮೈದಾನದಲ್ಲಿ ಹದ್ದಿನ ರೆಕ್ಕೆಯ ಪಕ್ಕ ಮಂಡಿಯೂರಿ, ಒಂದು ಹಿಡಿ ಹುಲ್ಲು ಕಿತ್ತಳು. ಬೇರಿನವರೆಗೂ ಸತ್ತಿತ್ತು.

"ನೀನು ಇದನ್ನ ಮೊದಲು ನೋಡಿದ್ದು ಇವತ್ತೇನಾ, ಕುರ್ಡಿನ್?"

ಕುರ್ಡಿನ್ ಯೋಚಿಸಿದ. ಹಿಂದಿನ ಸೋಮವಾರವೇ ಸಮುದ್ರದಾಚೆಯ ಫ್ಯಾರೋ ದ್ವೀಪಗಳಿಗೆ ಆಡಲು ಹೋಗಿದ್ದ ತಂಡ ಮಂಜಿನಿಂದಾಗಿ ಅಲ್ಲೇ ಸಿಕ್ಕಿಹಾಕಿಕೊಂಡು, ಅಲ್ಲಿಂದ ನೇರವಾಗಿ ದಕ್ಷಿಣದ ಟಿಚಿನೋ ಪ್ರಾಂತ್ಯಕ್ಕೆ ಹೋಗಿ ಸ್ವಿಸ್ ಕಪ್ಪಿನ ಪಂದ್ಯ ಆಡಿ, ಮನೆ ಸೇರಿದ್ದು ಭಾನುವಾರ. ಆವತ್ತು ಹುಲ್ಲಿನಲ್ಲಿ ಅಲ್ಲಲ್ಲಿ ಹಳದಿ ಕಂಡಿತ್ತು. ಬಿಸಿಲಿಗೆ ಎಂದು ಎಲ್ಲರೂ ಸುಮ್ಮನಾಗಿದ್ದರು. ಅದನ್ನು ಹೇಳಿದಾಗ ರೆಗುಲಾ ತಲೆಯಾಡಿಸಿದಳು ಅಷ್ಟೆ.

ಮೈದಾನ ನೋಡಿಕೊಳ್ಳುವ ಊಲಿ ಗೊಣಗುತ್ತಿದ್ದ. ಹೋದ ವಾರ ರಜೆ ಬೇಡವೆಂದರೂ ಷ್ಟಾಹೆಲ್ ಬಲವಂತ ಮಾಡಿ ಕಳಿಸಿದ್ದನಂತೆ. ನೀರಿನ ಯಂತ್ರದ ಮನೆಗೆ ಇದ್ದದ್ದು ಒಂದೇ ಕೀಲಿಕೈ. ಅದನ್ನು ಷ್ಟಾಹೆಲ್ ಕೈಗೆ ಕೊಟ್ಟು ಹೋಗಿದ್ದ. ಶನಿವಾರ ಬಂದು ನೋಡಿದರೆ, ತಾನಾಗಿಯೇ ಚಿಮ್ಮಬೇಕಿದ್ದ ನೀರು ನಿಂತುಹೋಗಿತ್ತು.

ಕೊನೆಗೆ ಅವರು ಬೆಸ್ನಿಕ್‌ನ ಮನೆಗೆ ಹೋದರು. ಅವನ ತಾಯಿ ಕಾಫಿ ಕೊಟ್ಟಳು, ಕಣ್ಣು ಕೆಂಪಾಗಿತ್ತು. ಮಗನ ಕೊರಳ ಸರದಲ್ಲಿ ಅಜ್ಜ ಕೊಟ್ಟ ಬೆಳ್ಳಿಯ ಹದ್ದೊಂದು ತೂಗುತ್ತಿತ್ತು. ರೆಗುಲಾ ಅದನ್ನು ಅಂಗೈ ಮೇಲಿಟ್ಟು ನೋಡಿದಳು. ಎರಡು ತಲೆ, ನಡುವೆ ಏನೂ ಇಲ್ಲ, ಬರೀ ಆಕಾಶದಂತೆ ಖಾಲಿ.

"ನಾಳೆ ಎಲ್ಲರನ್ನೂ ಆಡ್ಲರಿಗೆ ಕರಿ," ಎಂದಳು ಹೊರಗೆ ಬಂದು. "ಷ್ಟಾಹೆಲ್ ತಪ್ಪಿಸ್ಕೊಳ್ಳದ ಹಾಗೆ ನೋಡ್ಕೋ."

ಬುಧವಾರ ಹೋಟೆಲಿನ ಹಿಂದಿನ ಕೋಣೆಯಲ್ಲಿ ಕ್ಲಬ್ಬಿನ ಆಡಳಿತದವರು, ಊಲಿ, ಬೆಸ್ನಿಕ್ ಮತ್ತವನ ತಾಯಿ ಕುಳಿತರು. ಷ್ಟಾಹೆಲ್ ಸೇಬಿನ ಮದ್ಯ ತರಿಸಿಕೊಂಡು, ಮುಗಿದುಹೋದ ವಿಚಾರಕ್ಕೆ ಇದೆಲ್ಲ ಯಾಕೆ ಎಂದು ಕೇಳಿದ.

ರೆಗುಲಾ ನಿಂತೇ ಮಾತಾಡಿದಳು. ಕಳೆನಾಶಕ ಬೆಂಕಿಯಲ್ಲ, ಸಿಂಪಡಿಸಿದ ಮರುದಿನವೇ ಹುಲ್ಲು ಸುಡುವುದಿಲ್ಲ, ಎಲೆಯಿಂದ ಬೇರಿಗಿಳಿದು ಕಂದಾಗಲು ವಾರದಷ್ಟು ಹಿಡಿಯುತ್ತದೆ ಎಂದಳು. ಭಾನುವಾರವೇ ಹಳದಿ ಕಂಡಿತ್ತೆಂದು ಕುರ್ಡಿನ್ ಸಾಕ್ಷಿ ಹೇಳಿದ. ಹಾಗಾದರೆ ಸೋಮವಾರ ಸಂಜೆ ಬೆಸ್ನಿಕ್ ಅಲ್ಲಿದ್ದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸಿಂಪಡಿಸಿದಾಗ ಅವನು ಸಮುದ್ರದಾಚೆ, ಮಂಜಿನಲ್ಲಿದ್ದ. ಇಡೀ ತಂಡ ಅವನ ಜೊತೆಗಿತ್ತು.

"ಡಬ್ಬ ಸಿಕ್ಕಿತಲ್ಲ ಅವನ ಗೂಡಲ್ಲಿ?" ಎಂದಳು ಅಧ್ಯಕ್ಷೆ.

"ಸಿಕ್ಕಿತು. ಕೆಲಸ ಆಗಿ ವಾರವಾದ್ರೂ ಡಬ್ಬಾನ ತನ್ನ ಬೂಟಿನ ಜೊತೆ ಇಟ್ಕೊಳ್ಳೋ ದಡ್ಡ ಯಾರು? ಮಾಡಿದವನು ಊರಲ್ಲೇ ಇದ್ದ. ನೀರು ಬಿದ್ರೆ ಔಷಧಿ ತೊಳೆದುಹೋಗತ್ತೆ ಅಂತ ಯಂತ್ರ ನಿಲ್ಲಿಸ್ದ. ಆ ಮನೆಯ ಕೀಲಿಕೈ ಆ ವಾರ ಒಬ್ಬರ ಹತ್ರ ಮಾತ್ರ ಇತ್ತು."

ಊಲಿ ತಿರುಗಿ ಷ್ಟಾಹೆಲ್‌ನನ್ನು ನೋಡಿದ. ಉಳಿದವರೂ ನೋಡಿದರು. ಯಂತ್ರ ತಾನೇ ಕೆಟ್ಟಿರಬಹುದು ಎಂದ ಷ್ಟಾಹೆಲ್. ಕೆಟ್ಟಿರಲಿಲ್ಲ, ಯಾರೋ ಗುಂಡಿ ಆರಿಸಿದ್ದರು ಎಂದ ಊಲಿ.

ರೆಗುಲಾ ಮೇಲ್ಸಾಲಿನಿಂದ ತೆಗೆದ ಹದ್ದಿನ ಚಿತ್ರವನ್ನು ಮೇಜಿನ ಮೇಲಿಟ್ಟು, ಬೆಸ್ನಿಕ್‌ನನ್ನು ಕೊರಳ ಸರ ಬಿಚ್ಚಿಕೊಡಲು ಕೇಳಿದಳು. ಬೆಳ್ಳಿಯ ಹದ್ದನ್ನು ಚಿತ್ರದ ಪಕ್ಕಕ್ಕಿಟ್ಟಳು.

"ಇವರ ಬಾವುಟದ ಹದ್ದಿಗೆ ಕಿರೀಟ ಇಲ್ಲ. ಇವರಲ್ಲಿ ನಾಲ್ಕು ವರ್ಷದ ಮಗೂ ಕಿರೀಟ ಬರೆಯಲ್ಲ. ಕಿರೀಟದ ಹದ್ದು ಈ ಊರಲ್ಲಿ ಒಂದೇ ಕಡೆ ಇದೆ, ಈ ಹೋಟೆಲಿನ ಬಾಗಿಲ ಮೇಲೆ. ನೀವು ದಿನಾ ಅದರ ಕೆಳಗೇ ಕೂತು ಕುಡೀತೀರಿ, ಷ್ಟಾಹೆಲ್. ಈ ಹುಡುಗನ ಹದ್ದಿನ ಮೇಲೆ ಹೋದ ವರ್ಷದಿಂದ ಕೂಗಾಡ್ತಿದ್ದೀರಿ. ಒಂದ್ಸಲ ಆದ್ರೂ ಅದನ್ನ ಸರಿಯಾಗಿ ನೋಡಿದ್ರಾ?"

ಷ್ಟಾಹೆಲ್‌ನ ಮುಖ ಕೆಂಪೇರಿತು. ಆಮೇಲೆ ಅವನು ಅಲ್ಲಗಳೆಯುವ ಗೋಜಿಗೇ ಹೋಗಲಿಲ್ಲ. ಹೊಸ ಕ್ರೀಡಾಂಗಣಕ್ಕಾಗಿ ತಾನು ಎಷ್ಟು ಓಡಾಡಿದೆ, ಊರ ಸಭೆಯಲ್ಲಿ ಜನ ಕೈಯೆತ್ತಿ ಅದನ್ನು ಹೇಗೆ ತಿರಸ್ಕರಿಸಿದರು, ಯುರೋಪಿನವರ ಮುಂದೆ ಈ ಹಳೆಯ ಮೈದಾನದ ಮಾನ ಹೋದರಾದರೂ ಅವರಿಗೆ ಬುದ್ಧಿ ಬರುತ್ತಿತ್ತು ಎಂದೆಲ್ಲ ಹೇಳಿದ. ಬೆಸ್ನಿಕ್‌ನ ಮೇಲೆ ತನಗೇನೂ ದ್ವೇಷವಿಲ್ಲ ಎಂದೂ ಸೇರಿಸಿದ.

"ದ್ವೇಷ ಇಲ್ದೇನೇ ಮಾಡಿದ್ರಾ?" ಎಂದಳು ಬೆಸ್ನಿಕ್‌ನ ತಾಯಿ.

ಅಧ್ಯಕ್ಷೆ ಗಂಟಲು ಸರಿಪಡಿಸಿಕೊಂಡು, ನಾಳೆ ಪಂದ್ಯವಿದೆ, ಕ್ಲಬ್ಬಿನ ಹೆಸರು ಉಳಿಯಬೇಕು ಎಂದು ಶುರುಮಾಡಿದಳು. ಎಡ್ವಿನ್ ಆರೋಗ್ಯದ ಕಾರಣಕ್ಕೆ ಹುದ್ದೆ ಬಿಟ್ಟನೆಂದು ಪತ್ರಿಕೆಗೆ ಹೇಳೋಣ, ಬೆಸ್ನಿಕ್ ಗೋಲಿನಲ್ಲಿ ನಿಲ್ಲಲಿ, ಉಳಿದದ್ದು ಈ ಕೋಣೆಯಲ್ಲೇ ಇರಲಿ ಎಂದಳು.

"ನನ್ನ ಕೈಗವಸು ಕಿತ್ಕೊಂಡಿದ್ದು ಇಡೀ ಊರಿನ ಮುಂದೆ," ಎಂದ ಬೆಸ್ನಿಕ್ ಮೆಲ್ಲಗೆ. "ಅದು ಯಾವ ಕೋಣೇಲಿ ಇರ್ಲಿ?"

ಆಗ ಕುರ್ಡಿನ್ ಎದ್ದ. ಜೀವಮಾನದಲ್ಲಿ ಯಾವ ಸಭೆಯಲ್ಲೂ ಎದ್ದು ಮಾತಾಡಿದವನಲ್ಲ ಅವನು.

"ನಾಳೆ ಧ್ವನಿವರ್ಧಕದಲ್ಲಿ ನೀವೇ ಹೇಳ್ಬೇಕು, ಮಾರ್ಲೀಸ್. ಯಾರು ಮಾಡಿದ್ದು, ಯಾರ ಮೇಲೆ ಹಾಕಿದ್ದು, ನೀವು ಯಾಕೆ ನಂಬಿದ್ದು, ಎಲ್ಲಾ. ಹೇಳದಿದ್ರೆ ನಾನೇ ಪೇಟೆಯಲ್ಲಿ ನಿಂತು ಹೇಳ್ತೀನಿ. ಈ ಕ್ಲಬ್ಬಿನ ಒಂದು ಕಾಲನ್ನೂ ಇನ್ನು ಮುಟ್ಟಲ್ಲ." ರೆಗುಲಾ ಆಗಲೇ ಠಾಣೆಗೆ ಫೋನು ಮಾಡಿದ್ದಳು.

ಗುರುವಾರ ನಗರದ ಕ್ರೀಡಾಂಗಣದಲ್ಲಿ ಮಾರ್ಲೀಸ್ ಕೇಲಿನ್ ಧ್ವನಿವರ್ಧಕದ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಷ್ಟಾಹೆಲ್‌ನ ಹೆಸರು ಹೇಳಿದಳು, ಬೆಸ್ನಿಕ್‌ನ ಕ್ಷಮೆ ಕೇಳಿದಳು. ತಾವು ಯಾಕೆ ನಂಬಿದೆವು ಎಂಬುದನ್ನು ಮಾತ್ರ ಹೇಳಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಸ್ನಿಕ್ ಅತ್ತ ನೋಡದೆ ಗೋಲಿನತ್ತ ನಡೆದ. ಆವತ್ತು ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಆಲ್ಟ್‌ವೀಲ್ ಒಂದು ಗೋಲಿನಿಂದ ಗೆದ್ದಿತು. ಮರುವಾರ ಪ್ರಿಷ್ಟಿನಾದಲ್ಲಿ ಸೋತು ಯುರೋಪಿನಿಂದ ಹೊರಬಿತ್ತು. ಲೀಗಿನಲ್ಲಿ ಶರತ್ಕಾಲವಿಡೀ ಎದ್ದುಬಿದ್ದು ನಡುವಿನ ಸ್ಥಾನಕ್ಕಿಳಿಯಿತು.

ಚಳಿಗಾಲದ ಬಿಡುವಿನಲ್ಲಿ ಬೆಸ್ನಿಕ್ ಬೇರೆ ಕ್ಲಬ್ಬಿಗೆ ಸಹಿ ಹಾಕಿದ. ಮಾರ್ಲೀಸ್ ಎರಡು ಸಲ ಮನೆಗೆ ಹೋಗಿ ಬೇಡಿಕೊಂಡರೂ ಕೇಳಲಿಲ್ಲ. ಕುರ್ಡಿನ್ ಅವನ ಚೀಲಗಳನ್ನು ಕಾರಿಗೆ ಹಾಕಲು ನೆರವಾದ. ಎಲ್ಲ ಸರಿಹೋಯಿತಲ್ಲ, ಯಾಕೆ ಹೋಗುತ್ತೀ ಎಂದು ಕೇಳಬಾರದೆಂದುಕೊಂಡಿದ್ದವನು ಕೇಳಿಯೇಬಿಟ್ಟ.

ಬೆಸ್ನಿಕ್ ಕಾರಿನ ಡಿಕ್ಕಿ ಮುಚ್ಚಿದ.

"ನಾನಲ್ಲ ಅಂತ ಗೊತ್ತಾದ ಮೇಲೆ ಎಲ್ಲರೂ ಕ್ಷಮೆ ಕೇಳಿದ್ರು, ಕುರ್ಡಿನ್. ನಾನೇ ಅಂತ ಒಂದೇ ಬೆಳಗಲ್ಲಿ ಎಲ್ಲರಿಗೂ ಹೆಂಗೆ ಗೊತ್ತಾಯ್ತು ಅಂತ ಇವತ್ತಿನವರೆಗೂ ಒಬ್ರೂ ಹೇಳ್ಲಿಲ್ಲ."

ಕಾರು ತಿರುವು ದಾಟುವವರೆಗೂ ಕುರ್ಡಿನ್ ಮುಷ್ಟಿ ಬಿಗಿದುಕೊಂಡು ಹಿಮದಲ್ಲಿ ನಿಂತಿದ್ದ.